ಚಿಕ್ಕಮ್ಮನ ಕಲ್ಲಿಗೆ ಒಂದು ಇಸವಿ

ಪಿಂಚಣಿ ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ದೂಳು ಕುಡಿದು ನಿವೃತ್ತಳಾದವಳನ್ನು ಊರೆಲ್ಲ ಫೈಲಕ್ಕ ಅಂತಲೇ ಕರೆಯುತ್ತಿತ್ತು. ಯಾರ ಮುತ್ತಜ್ಜ ಯಾರು, ಯಾರಿಗೆ ಯಾರು ಯಾವ ವರಸೆ ಎಂದು ತೊಡಕು ಬಿದ್ದರೆ ಜನ ಅವಳ ಬಾಗಿಲು ತಟ್ಟುತ್ತಿದ್ದರು. ಅವಳು ಮೊದಲು ಸಮಾಧಿಗಳ ಸಾಲಿಗೆ ಹೋಗಿ, ಪಾಚಿ ಕೆರೆದು ಇಸವಿ ಬರೆದುಕೊಳ್ಳುವಳು. ಆಮೇಲೆ ಪಿಂಚಣಿ ಕಡತ ತೆಗೆಸಿ ತಾಳೆ ನೋಡುವಳು. ಕಲ್ಲಿನ ಮೇಲೆ ಎಲ್ಲರೂ ಸಾಚಾಗಳೇ, ಹೆಂಡತಿ ಎಷ್ಟು ಜನ ಅಂತ ಕಡತವೇ ಹೇಳಬೇಕು ಎನ್ನುವಳು. ವಂಶದ ಹೆಸರಲ್ಲಿ ಮೀಸೆ ತಿರುವುತ್ತಿದ್ದ ವಕೀಲರೊಬ್ಬರಿಗೆ ಎರಡನೇ ಅಜ್ಜಿಯನ್ನು ಹುಡುಕಿಕೊಟ್ಟಿದ್ದಳು. ಪಾಪ, ಅವರು ಈಗಲೂ ಅವಳನ್ನು ಕಂಡರೆ ರಸ್ತೆ ದಾಟುತ್ತಾರೆ.

ದೀಪದ ಬುಡದಲ್ಲೇ ಕತ್ತಲೆ. ತನ್ನ ಮನೆಯ ಕಡತವನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಅವಳನ್ನು ಹೆತ್ತ ಹತ್ತನೇ ದಿನ ಅಮ್ಮ ತೀರಿಕೊಂಡಿದ್ದಳು. ಅಮ್ಮನ ತಂಗಿ ಬಂದು, ಅಪ್ಪನನ್ನು ಮದುವೆಯಾಗಿ, ಕೂಸನ್ನು ಸಾಕಿದಳು. ಅಕ್ಕನ ಗಂಡನ ಪಿಂಚಣಿಗೆ ಕಣ್ಣಿಟ್ಟು ಬಂದವಳು ಎಂದು ಸೋದರತ್ತೆ ಕಿವಿ ಊದಿದ್ದನ್ನು ಫೈಲಕ್ಕ ನಂಬಿದ್ದಳು. ಚಿಕ್ಕಮ್ಮನ ಕೈತುತ್ತು ತಿಂದಳು, ಜ್ವರ ಬಂದಾಗ ಅವಳ ಮಡಿಲಲ್ಲೇ ಮಲಗಿದಳು. ಅಮ್ಮಾ ಎಂದು ಮಾತ್ರ ಒಂದು ದಿನವೂ ಕರೆಯಲಿಲ್ಲ.

ಈಗ ಚಿಕ್ಕಮ್ಮ ಹೋಗಿ ತಿಂಗಳಾಗಿತ್ತು. "ಅಮ್ಮ" ಎಂದು ಬರೆದಿದ್ದ ಹಳೆಯ ಕಲ್ಲಿನ ಪಕ್ಕ ನೆಡುವ ಹೊಸ ಕಲ್ಲಿನಲ್ಲಿ ಕಲ್ಲುಕುಟಿಗ "ಚಿಕ್ಕಮ್ಮ" ಎಂದು ಕೆತ್ತಿಟ್ಟು, ಹುಟ್ಟಿದ ಇಸವಿ ಕೇಳಿ ಕೂತಿದ್ದ. ಅದು ಯಾರಿಗೆ ಗೊತ್ತು? ಫೈಲಕ್ಕ ಹಳೆಯ ಕಚೇರಿಗೆ ಹೋಗಿ ಅಪ್ಪನ ಕಡತ ತೆಗೆಸಿದಳು. ಅಪ್ಪನ ಕೆಲಸ ಖಾಯಂ ಆದದ್ದೇ ಆ ಮದುವೆಯಾಗಿ ಆರು ವರ್ಷದ ಮೇಲೆ. ಅಲ್ಲಿಯವರೆಗೆ ಬರೀ ದಿನಗೂಲಿ. ಮತ್ತೆ ಯಾವ ಪಿಂಚಣಿಗೆ ಕಣ್ಣಿಟ್ಟು ಬಂದಳಂತೆ ಮಹಾರಾಯ್ತಿ?

ಅದಕ್ಕೇ ದಾರ ಕಟ್ಟಿ ಸೇರಿಸಿದ್ದ ತೆಳು ಕಡತವೊಂದಿತ್ತು, ಚಿಕ್ಕಮ್ಮನದು. ಇಸವಿ ಸಿಕ್ಕಿತು. ಜೊತೆಗೆ ಮನೆಯಲ್ಲಿ ಯಾರೂ ಬಾಯಿಬಿಡದ ಸಂಗತಿಯೂ ಸಿಕ್ಕಿತು. ಚಿಕ್ಕಮ್ಮನಿಗೆ ಮೊದಲೊಬ್ಬ ಗಂಡನಿದ್ದ, ಸೈನಿಕ, ಮದುವೆಯಾದ ವರ್ಷವೇ ಸತ್ತಿದ್ದ. ಅವಳಿಗೆ ಸಾಯುವತನಕ ಬರಬೇಕಿದ್ದ ಪಿಂಚಣಿ, ಮರುಮದುವೆಯಾದರೆ ನಿಲ್ಲುವಂಥದ್ದು. ಕೊನೆಯ ಹಾಳೆಯಲ್ಲಿ ಅವಳ ದುಂಡು ಅಕ್ಷರ: "ಮರುಮದುವೆ ಆಗುತ್ತಿದ್ದೇನೆ. ಪಿಂಚಣಿ ನಿಲ್ಲಿಸಿ. ಅಕ್ಕನ ಮಗುವಿಗೆ ಅಮ್ಮ ಬೇಕು." ಅಮ್ಮನ ಕಲ್ಲಿನ ತಾರೀಖಿಗೂ ಇದಕ್ಕೂ ಹತ್ತೊಂಬತ್ತೇ ದಿನ.

ಊರವರ ಕಡತವನ್ನೆಲ್ಲ ಬಿಚ್ಚಿದ ಕೈ, ಇದೇ ಕೋಣೆಯಲ್ಲಿದ್ದ ಇದನ್ನು ಬಿಚ್ಚಿರಲಿಲ್ಲ. ಅವಳಿಗೆ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು. ಹಿಂದೆಯೇ ಅಳು ಬಂತು. ಮೂಗು ಒರೆಸಿಕೊಂಡು ನೆಟ್ಟಗೆ ಕಲ್ಲುಕುಟಿಗನ ಹತ್ತಿರ ಹೋಗಿ, ಇಸವಿ ಕೊಟ್ಟು, ಚಿಕ್ಕ ಅನ್ನೋದನ್ನ ತೆಗಿ ಎಂದಳು.

ಅವನು ತಲೆ ಕೆರೆದುಕೊಂಡ. "ಅದನ್ನ ತೆಗೆದ್ರೆ ಬರೀ 'ಮ್ಮ' ಉಳಿಯುತ್ತೆ ಅಕ್ಕ."

"ಮೊದಲಿಗೆ ಒಂದು 'ಅ' ಹಾಕಪ್ಪ. ನಾನೇ ಯಾವತ್ತೋ ಹಾಕಬೇಕಿತ್ತು."

ಉಜ್ಜಿ ತಗ್ಗಾದ ಜಾಗದಲ್ಲಿ 'ಅ' ಸ್ವಲ್ಪ ದೊಡ್ಡದಾಗಿಯೇ ಕೂತಿತು. ಅಕ್ಕಪಕ್ಕ ಎರಡು ಕಲ್ಲು, ಎರಡರ ಮೇಲೂ ಅಮ್ಮ. ನಾಳೆ ಯಾರಾದರೂ ವಂಶ ಹುಡುಕಿಕೊಂಡು ಬಂದರೆ ತಲೆ ಕೆಡಿಸಿಕೊಳ್ಳುವುದಿಲ್ಲವೇ ಎಂದು ಕಲ್ಲುಕುಟಿಗ ಕೇಳಿದ.

"ಕೆಡಿಸ್ಕೊಳ್ಳಲಿ ಬಿಡು," ಎಂದಳು ಫೈಲಕ್ಕ.