ಅರವತ್ತೆರಡರಲ್ಲಿ ಹರಿದ ಎಳೆ

ಬೆಳಗಿನ ಐದೂವರೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜ್ಯೋತಿಲಕ್ಷ್ಮಿ ಅಂಗಡಿಯ ಷಟರ್ ಎತ್ತಿ, ಮೇಜಿನ ಮೇಲಿನ ಹಾರ್ಡ್ ಡಿಸ್ಕಿಗೆ ಕರೆಂಟು ಕೊಟ್ಟು ಕಿವಿ ಇಡುತ್ತಾರೆ. "ಜೀವ ಐತೆ," ಎನ್ನುತ್ತಾರೆ. ಮಿಲ್ಲುಗಳು ಎದ್ದರೆ ಕರೆಂಟು ಏರಿಳಿಯುತ್ತದೆ. ಏಟು ತಿಂದ ಡಿಸ್ಕಿಗೆ ಈ ತಣ್ಣನೆಯ ಹೊತ್ತೇ ಸರಿ.

ಡಿಸ್ಕು ಮೊಳಕಾಲ್ಮುರಿನ ಕಲ್ಲೇಶಪ್ಪನವರದು. ರೇಷ್ಮೆ ಸೀರೆಯ ಅಂಚು, ಸೆರಗಿನ ವಿನ್ಯಾಸ ಬರೆಯುವವರು ಅವರು. ಹದಿನೇಳು ವರ್ಷದ ಸಾವಿರದ ನೂರು ವಿನ್ಯಾಸಗಳು ಅದರೊಳಗಿವೆ. ವಿನ್ಯಾಸದ ತೂತು ಕೊರೆದು ಮಗ್ಗಕ್ಕೆ ಹಾಕುತ್ತಿದ್ದ ಹಳೆಯ ರಟ್ಟುಗಳನ್ನು ಗೆದ್ದಲು ತಿಂದು ಮುಗಿಸಿದೆ. ಡಿಸ್ಕು ಹೋದರೆ ಎಲ್ಲವೂ ಹೋದಂತೆ. ಅವರು ಅದನ್ನು ತಂದ ದಿನವೇ ಜ್ಯೋತಿಲಕ್ಷ್ಮಿ ಕೇಳಿದ್ದರು:

"ಬ್ಯಾಕಪ್ ಇಟ್ಟಿಲ್ವೇನ್ರಿ?"

"ಇಟ್ಟೀನಮ್ಮ! ಶುಕ್ರವಾರ ಶುಕ್ರವಾರ ಊದಿನಕಡ್ಡಿ ಹಚ್ಚಿ, ತಪ್ಪದಂಗೆ."

"ಎಲ್ಲಿ?"

"ಅದ್ರಾಗೇ. ಡಿ ಡ್ರೈವ್‌ನಾಗೆ."

"ಬೀರುವಿನ ಕೀ ಬೀರುವಿನಾಗೇ ಇಟ್ಟು ಬಾಗ್ಲು ಹಾಕ್ದಂಗಾತಲ್ರಿ!"

ನಲವತ್ತೊಂದರ ಜ್ಯೋತಿಲಕ್ಷ್ಮಿಯೂ ಮೊಳಕಾಲ್ಮುರಿನವರೇ, ನೇಕಾರರ ಮನೆಯ ಮಗಳು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು ಕೈಕೊಟ್ಟಿತು. ಕಂಪ್ಯೂಟರಿನ ಎರರ್‌ಗಳನ್ನು ಒಂದೊಂದೇ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟು ಆ ಇಂಗ್ಲಿಷನ್ನೇ ಬಗ್ಗಿಸಿದರು. ಈಗ ತಿಂಗಳಿಗೆ ಮೂವತ್ತು, ನಲವತ್ತು ಡಿಸ್ಕು ಬರುತ್ತವೆ. ಒಂದೊಂದಕ್ಕೆ ಮೂರು ಗಂಟೆಯೂ ಆದೀತು, ಎರಡು ದಿನವೂ ಹಿಡಿದೀತು. ಅಂಗಡಿ ಹಾಕಿ ಹತ್ತೊಂಬತ್ತು ವರ್ಷವಾದರೂ ಗಿರಾಕಿಗಳು ಬಾಗಿಲಲ್ಲಿ ನಿಂತು, "ರಿಪೇರಿಯವ್ರಿಲ್ವಾ?" ಎನ್ನುವುದು ತಪ್ಪಿಲ್ಲ. "ಇದಾರಲ್ರಿ, ನಿಮ್ ಮುಂದೇನೇ ಕುಂತವ್ರೆ," ಎಂಬ ಉತ್ತರ ಸಿದ್ಧವಾಗಿರುತ್ತದೆ.

ಏಟು ತಿಂದ ಡಿಸ್ಕಿನಿಂದ ಮೊದಲು ಇಮೇಜ್ ತೆಗೆಯಬೇಕು. ಇಮೇಜ್ ಎಂದರೆ ಚಿತ್ರವಲ್ಲ. ಒಳಗಿರುವುದನ್ನೆಲ್ಲ ಇದ್ದ ಜಾಗದಲ್ಲೇ ಇದ್ದಂತೆ ಎತ್ತಿಟ್ಟುಕೊಳ್ಳುವ ಪಡಿಯಚ್ಚು. ಸೋಮವಾರದ ಮೊದಲ ಯತ್ನ ನಾಲ್ಕು ಜಿಬಿಗೇ ನಿಂತಿತ್ತು. "ಜಾಗ ಇಲ್ಲ ಅಂತೈತೆ, ಜಾಗ ಬೇಕಾದಷ್ಟೈತೆ. ಇಳಿಸ್ಕೊಳ್ಳೋ ಡಿಸ್ಕಿನ ಫಾರ್ಮ್ಯಾಟು ಹಳೇದು, ನಾಲ್ಕು ಜಿಬಿಗಿಂತ ದೊಡ್ಡ ತುತ್ತು ನುಂಗಲ್ಲ." ಖಾಲಿಯಿದ್ದ ಅದನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿದ್ದಾಯಿತು. ಎರಡನೆಯದು ಅರವತ್ತೆರಡು ಪರ್ಸೆಂಟಿಗೆ ನಿಂತಿತು. ಮೂರನೆಯದೂ ಅಲ್ಲಿಗೇ. ಕೇಬಲ್ ಬದಲಿಸಿದರೂ ಅದೇ ಅರವತ್ತೆರಡು.

ಅಲ್ಲಿ ಡಿಸ್ಕು ಸವೆದಿದೆ. ಸಾಫ್ಟ್‌ವೇರು ಅದೇ ಜಾಗವನ್ನು ಮತ್ತೆ ಮತ್ತೆ ಕೆರೆಯುತ್ತಿದೆ. ಇನ್ನೂ ಕೆರೆದರೆ ಉಳಿದದ್ದೂ ಸತ್ತೀತು. ಕೈ ತೆಗೆದು ಕುಳಿತಾಗ ಅವ್ವ ಯರ್ರಮ್ಮ ಮಗ್ಗದ ಗುಂಡಿಯಿಂದ ಗದರುತ್ತಿದ್ದುದು ನೆನಪಾಗುತ್ತದೆ: "ಹರಿದ ಎಳೆ ಮ್ಯಾಲೇ ಯಾಕೆ ಬಡೀತೀಯೆ? ಪಕ್ಕಕ್ಕೆ ಸರಿಸಿ ಮುಂದಕ್ಕೆ ನಡಿ. ಗಂಟು ಆಮೇಲೆ ಹಾಕಿದ್ರಾತು."

ಕೆಟ್ಟ ಜಾಗ ಸಿಕ್ಕರೆ ಗುರುತು ಹಾಕಿ ದಾಟಿ ಹೋಗುವ, ಕೊನೆಯಲ್ಲಿ ಹಿಮ್ಮುಖವಾಗಿ ಬಂದು ಬಿಟ್ಟದ್ದನ್ನು ಹೆಕ್ಕುವ ಇನ್ನೊಂದು ಸಾಫ್ಟ್‌ವೇರನ್ನು ಜ್ಯೋತಿಲಕ್ಷ್ಮಿ ಹಚ್ಚುತ್ತಾರೆ. ಅರವತ್ತೆರಡು. ಎದುರಿಗೆ ಕುಳಿತ ಕಲ್ಲೇಶಪ್ಪನವರ ಕೈಯ ಚಹಾ ಆರುತ್ತಿದೆ. ಅರವತ್ತಮೂರು. "ದಾಟ್ತು ಕಣಮ್ಮಾ!" ಎಂದು ಅವರು ಚಹಾ ಚೆಲ್ಲಿಕೊಳ್ಳುತ್ತಾರೆ.

ಮರುದಿನ ಬೆಳಿಗ್ಗೆ ಆ ಇಮೇಜನ್ನು ಬೇರೆ ಡಿಸ್ಕಿಗೆ ಇಳಿಸಿ, ವಿನ್ಯಾಸಗಳನ್ನು ಒಂದೊಂದಾಗಿ ತೆರೆದು ನೋಡುತ್ತಾರೆ. "ಇಮೇಜ್ ಮಾಡಿದ್ರೆ ಅರ್ಧ ಕೆಲಸ. ತೆಗೆದು ನೋಡಿದ್ರೇನೇ ಪೂರ್ತಿ." ಒಂದೇ ಒಂದು ಸೆರಗು ತೆರೆಯುವುದಿಲ್ಲ.

"ಬಿಡಮ್ಮ," ಎಂದು ಕಲ್ಲೇಶಪ್ಪ ಕಣ್ಣೊರೆಸಿಕೊಳ್ಳುತ್ತಾರೆ. "ಆ ಸೀರೆ ನನ್ ಹೆಂಡ್ತಿ ತಿಪ್ಪೇರುದ್ರಮ್ಮನ ಪೆಟ್ಟಿಗೇಲೈತೆ. ನೋಡ್ಕೊಂಡು ಬರೀತೀನಿ." ಪ್ರತಿಗಳು ಎರಡು: ಒಂದು ಅವರ ಮನೆಗೆ, ಇನ್ನೊಂದು ಮಗಳ ಮನೆಗೆ. ಹೊರಡುವಾಗ ತಡೆಯಲಾರದೆ ಕೇಳುತ್ತಾರೆ: "ಇಷ್ಟು ಮಾಡಿದ್ದು ಯಾರಿಗೂ ಕಾಣೋದೇ ಇಲ್ವಲ್ಲಮ್ಮ, ನಿಂಗೆ ಬೇಜಾರಾಗಲ್ವಾ?"

ಜ್ಯೋತಿಲಕ್ಷ್ಮಿ ಮುಂದಿನ ಡಿಸ್ಕನ್ನು ಕಿವಿಗೆ ಹಿಡಿದು ನಗುತ್ತಾರೆ.

"ಕಾಣಬಾರ್ದು ಕಣ್ರಿ. ಗಂಟು ಕಂಡ್ರೆ ನೇಯೋಕ್ ಬರಲ್ಲ ಅಂತರ್ಥ."