ನಾಲ್ಕು ಗಂಟೆಗೆ ನಗುವ ಹುಡುಗ

ಕೇಸಿನಲ್ಲಿ ಸಿಕ್ಕ ಹುಡುಗರನ್ನು ಇಡುವ ಸರಕಾರಿ ವೀಕ್ಷಣಾಲಯಕ್ಕೆ ನಾನು ಆಪ್ತಸಮಾಲೋಚಕನಾಗಿ ವಾರಕ್ಕೊಮ್ಮೆ ಹೋಗುತ್ತೇನೆ. ಒಮ್ಮೆ ಲಕ್ಷ್ಮೇಶ್ವರದ ಕಡೆಯ ಹದಿನಾರರ ಹುಡುಗನೊಬ್ಬ, “ನಾ ಇನ್ನ ಇರಂಗಿಲ್ಲ, ಸಾಯ್ತೇನಿ” ಅಂದಿದ್ದ. ಕೂಡಲೇ ಮೇಲಿನಿಂದ ಆದೇಶ ಬಂತು: ಅರ್ಧ ಗಂಟೆಗೊಮ್ಮೆ ಅವನನ್ನು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಮಾತಾಡಿಸಬೇಕು ಎಂದು ಆದೇಶದಲ್ಲಿ ಇರಲಿಲ್ಲ. ಹಾಗಾಗಿ ಯಾರೂ ಮಾತಾಡಿಸಿರಲಿಲ್ಲ.

ನಾನು ಹೋದಾಗ ಬೆಳಿಗ್ಗೆ ಹನ್ನೊಂದು ಗಂಟೆ. ರಿಜಿಸ್ಟರಿನಲ್ಲಿ ಆಗಲೇ ಸಂಜೆಯಾಗಿತ್ತು. ‘ನಾಲ್ಕು ಗಂಟೆ: ಹುಡುಗ ನಗುನಗುತ್ತ ಕೇರಂ ಆಡುತ್ತಿದ್ದಾನೆ.’

“ಬಸಣ್ಣಾ, ಇದೇನ್ರಿ?” ಎಂದು ಕಾವಲುಗಾರನನ್ನು ಕೇಳಿದೆ.

“ಸಾಹೇಬ್ರು ತಪಾಸಣಿಗೆ ಯಾವಾಗ ಬರ್ತಾರೋ ಏನೋ ಅಂತ ಮೊದ್ಲ ಬರದಿಟ್ಟೇನ್ರಿ.”

ಮೂರು ದಿನದಿಂದ ಬಾಯಿ ಬಿಡದ ಹುಡುಗ ಮೂಲೆಯಲ್ಲಿ ತಲೆ ಎತ್ತಿದ. “ಕಾಕಾ, ನಾ ನಗತೇನಂತ ಬರದೀರೇನ್ರಿ?”

“ಹೂಂನೋ, ನಾಲ್ಕಕ್ಕ.”

“ನಾಳಿಂದೂ ಬರದೀರೇನ್ರಿ?”

“ಬರದೇನಿ. ಮುಂಜಾನಿ ಎರಡು ಪ್ಲೇಟ್ ಉಪ್ಪಿಟ್ಟು ತಿಂತಿ.”

“ಹಂಗಾರ ನಾಳಿತನಕ ಇರಬೇಕಾತು ಬಿಡ್ರಿ,” ಎಂದು ಹುಡುಗ ನಕ್ಕೇಬಿಟ್ಟ.

ಬಸಣ್ಣ ಗಡಿಯಾರ ನೋಡಿ ಗಾಬರಿಯಾದ. “ಈಗ ನಗಬ್ಯಾಡಲೇ, ಇನ್ನೂ ಹನ್ನೊಂದು!”

ಸರಕಾರಿ ದಾಖಲೆ ಸುಳ್ಳಾಗಬಾರದಲ್ಲ, ನಾಲ್ಕಕ್ಕೆ ಮೂವರೂ ಕೇರಂಗೆ ಕೂತೆವು. ಹುಡುಗ ಆಡುತ್ತ ಆಡುತ್ತ ಮನೆಯ ಮಾತು ತೆಗೆದ. ಕತ್ತಲಾಗುವವರೆಗೆ ಕೇಳಿದೆವು.

ಮುಂಗಡವಾಗಿ ಬರೆದದ್ದಕ್ಕೆ ನಾನು ಬಸಣ್ಣನ ಮೇಲೆ ವರದಿ ಕೊಡಬೇಕಿತ್ತು. ಕೊಡಲಿಲ್ಲ. ನಾಡಿದ್ದಿನ ಪುಟ ಖಾಲಿ ಇತ್ತು, ಅದನ್ನು ಹುಡುಗನೇ ತುಂಬಿದ: ‘ನಾಲ್ಕು ಗಂಟೆ: ಬಸಣ್ಣ ಕಾಕಾ ನನ್ನ ಕೈಲಿ ಸೋತು ಸಿಟ್ಟಾಗ್ಯಾರ.’

ಕೆಳಗೆ ನಾನು ಸಾಕ್ಷಿಯ ಸಹಿ ಹಾಕಿದೆ.