ಹೊಳೆಯ ನಡುವೆ ಹಾಸಿದ ಕಂಬಳಿ

ನನ್ನ ಸೋದರತ್ತೆ ಯಮನಮ್ಮನಿಗೆ ಯಾರಾದರೂ ಆಗುವುದಿಲ್ಲ ಎಂದರೆ ಸಾಕು, ಆ ಕೆಲಸ ಆದಂತೆಯೇ. ದೇವದುರ್ಗ ತಾಲೂಕಿನ ಗಬ್ಬೂರಿನಿಂದಾಚೆ, ಕೃಷ್ಣೆಯ ದಂಡೆಯಲ್ಲಿ ನಮ್ಮೂರು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಹರಿಯುವ ನೀರಿನಲ್ಲೇ ತೊಳೆಯಬೇಕು. ನಿಂತ ನೀರಾದರೆ ಕೆಸರು ಹತ್ತಿ ಉಣ್ಣೆ ಕೆಡುತ್ತದೆ. ಆ ಉಣ್ಣೆಯ ಕಂಬಳಿಯೇ ಅತ್ತೆಯ ಬದುಕು.

ಮೇಲ್ಗಡೆ ಕಂಪನಿಯೊಂದರ ಕರೆಂಟಿನ ಘಟಕ ಬಂದಮೇಲೆ ಹೊಳೆಯ ಸ್ವಭಾವವೇ ಕೆಟ್ಟಿತು. ಹಗಲೆಲ್ಲ ಗೇಟು ಮುಚ್ಚಿ ನೀರು ಹಿಡಿದಿಟ್ಟು, ಕರೆಂಟಿಗೆ ಬೇಡಿಕೆ ಹೆಚ್ಚುವ ಸಂಜೆ ಒಮ್ಮೆಲೇ ಬಿಡುತ್ತಿದ್ದರು. ಸಮುದ್ರವನ್ನೇ ಕಾಣದ ನಮಗೆ ಮನೆ ಮುಂದೆಯೇ ಉಬ್ಬರ ಇಳಿತ! ಹೊಳೆಯಲ್ಲಿ ಸದಾ ಇಷ್ಟು ನೀರು ಹರಿಯಲೇಬೇಕೆಂಬ ಸರ್ಕಾರದ ಷರತ್ತೇನೋ ಇತ್ತು. ಷರತ್ತು ರಾಯಚೂರಿನ ಫೈಲಿನಲ್ಲಿತ್ತು, ಹೊಳೆ ಇಲ್ಲಿತ್ತು. ಎರಡು ವರ್ಷ ಅತ್ತೆಯ ಉಣ್ಣೆ ಹಾಳಾಯಿತು. ಕುರಿ ಮಾರಿ ಮಾನ್ವಿಯ ಮಗಳ ಮನೆ ಸೇರು, ಕಂಪನಿಯ ಜೊತೆ ಜಗಳ ಆಗುವುದಿಲ್ಲ ಎಂದರು ನೆಂಟರು. ಅತ್ತೆ ರಾಯಚೂರಿನ ಬಸ್ಸು ಹತ್ತಿ ದೂರು ಕೊಟ್ಟು ಬಂದಳು.

ಪರಿಸರ ಅಧಿಕಾರಿ ಮುಕರ್ರಂ ಸಾಹೇಬರು ತಪಾಸಣೆಗೆ ಬರುವ ಸುದ್ದಿ ಕಂಪನಿಗೆ ಮೊದಲೇ ಮುಟ್ಟಿತ್ತು. ಅಂದು ಹೊಳೆ ತುಂಬಿ ಹರಿಯಿತು. ನೀರು ಧಾರಾಳವಾಗಿದೆಯಲ್ಲ ಎಂದರು ಸಾಹೇಬರು. ನಾವೆಲ್ಲ ಒಳಗೊಳಗೇ ಗೊಣಗಿದೆವು. ಅತ್ತೆ ಮಾತ್ರ ವಾದಕ್ಕೆ ನಿಲ್ಲದೆ, ಸೀರೆ ಎತ್ತಿ ಕಟ್ಟಿ, ಸಿಕ್ಕ ನೀರಿನಲ್ಲಿ ಕುರಿಗಳನ್ನೆಲ್ಲ ತೊಳೆದಳು. ಕುರಿ ತೊಳೆಯುವುದನ್ನು ಕಂಡವರು ಉಣ್ಣೆ ಕತ್ತರಿಸುವ ದಿನ ಊಟಕ್ಕೆ ಬರಲೇಬೇಕು, ಅದು ನಮ್ಮ ಮನೆತನದ ರೂಢಿ. ನಾಡಿದ್ದು ಮಧ್ಯಾಹ್ನ ಹುಗ್ಗಿ ಉಣ್ಣಲು ಬರಬೇಕೆಂದು ಸಾಹೇಬರನ್ನು ಕರೆದಳು. ಕರೆದ ರೀತಿಗೆ ಒಲ್ಲೆ ಎನ್ನಲಾಗದೆ ಅವರು ಒಪ್ಪಿದರು.

ತಪಾಸಣೆ ಮುಗಿಯಿತೆಂದು ಕಂಪನಿ ಮರುದಿನವೇ ಗೇಟು ಮುಚ್ಚಿತು.

ಊಟಕ್ಕೆ ಬಂದ ಸಾಹೇಬರು ದಂಡೆಯ ಮೇಲೆಯೇ ನಿಂತುಬಿಟ್ಟರು. ಹೊಳೆಯ ನಟ್ಟನಡುವೆ, ಒಣ ಮರಳಿನ ಮೇಲೆ, ಅತ್ತೆ ಕರಿ ಕಂಬಳಿ ಹಾಸಿ ಊಟದ ಗಂಗಾಳ ಇಟ್ಟಿದ್ದಳು. ನೀರು ಎಲ್ಲಿ ಹೋಯಿತು ಎಂದು ಕೇಳಿದರು.

"ಅದನ್ನ ನಾ ಎರಡು ವರ್ಷದಿಂದ ಕೇಳಾಕತ್ತೀನ್ರೀ," ಎಂದಳು ಅತ್ತೆ. "ಬರ್ರಿ, ಕೂಡ್ರಿ. ಮೊನ್ನೆ ಕುರಿ ಈಜಿದ್ದು ಇಲ್ಲೇ. ಸಾವಕಾಶ ಉಣ್ರಿ, ಸಂಜಿತನಕ ನೀರು ಬರಂಗಿಲ್ಲ."

ಸಾಹೇಬರು ನಗಲಿಲ್ಲ. ಕೂತು ಪೂರ್ತಿ ಉಂಡರು, ಕೈ ತೊಳೆದು ಸುತ್ತಲಿನ ಮರಳಿನ ಫೋಟೊ ತೆಗೆದರು. ಹಗಲೂ ನೀರು ಬಿಡದಿದ್ದರೆ ಘಟಕ ಬಂದ್ ಎಂಬ ಆದೇಶ ಆ ತಿಂಗಳೇ ಹೊರಟಿತು. ಕಂಪನಿ ತೆಪ್ಪಗೆ ಗೇಟು ತೆರೆಯಿತು. ನಮ್ಮೂರಿಗೆ ಅಂದು ಹಬ್ಬ.

ಈ ವರ್ಷವೂ ಸಾಹೇಬರು ಊಟಕ್ಕೆ ಬಂದಿದ್ದರು. ಅತ್ತೆ ದಂಡೆಯ ಮೇಲೆ ಕಂಬಳಿ ಹಾಸಿದಳು. ಹೋದ ಸಲ ಕೂತಲ್ಲೇ ಕೂರುತ್ತೇನೆ ಎಂದು ಅವರು ಚೇಷ್ಟೆ ಮಾಡಿದರು.

"ಅಲ್ಲಿ ಈಗ ಎದಿಮಟ ನೀರು ಅದರೀ ಸಾಹೇಬ್ರ," ಎಂದಳು ಅತ್ತೆ. ಹಾಗೆನ್ನುವಾಗ ಅವಳ ಮುಖ ನೋಡಬೇಕಿತ್ತು.